ಅಪ್ಪ ಮುಟ್ಟುವ ಮೂಲೆ

ಮೊನ್ನೆ ಒಂದು ಹಳೆಯ ಬ್ಲೌಸಿನ ಅಳತೆ ಹುಡುಕುತ್ತಿದ್ದೆ. ಹೊಲಿಗೆ ಮಷಿನ್ನಿನ ಕೆಳಗಿನ ಚೀಲದಲ್ಲಿ ತೋಳು, ಬೆನ್ನು, ಕೊರಳು ಎಂದು ಬರೆದಿಟ್ಟ ಕಾಗದದ ಕಟಿಂಗುಗಳು ರಾಶಿ ಬಿದ್ದಿವೆ. ಅವುಗಳ ನಡುವಿನಿಂದ ಒಂದು ದುಂಡನೆಯ ಚೂರು ಜಾರಿ ನೆಲಕ್ಕೆ ಬಿತ್ತು. ಯಾವ ಹೆಂಗಸಿನ ಯಾವ ಬ್ಲೌಸಿಗೂ ಹೊಂದದ ಆಕಾರ. ಮೇಲೆ ನನ್ನದೇ ಅಕ್ಷರದಲ್ಲಿ ‘ದೊಡ್ಡ ಕಂಡೆನ್ಸರ್’ ಎಂದು ಬರೆದಿತ್ತು.

ಎತ್ತಿಕೊಳ್ಳಲು ಬಗ್ಗಿದೆ. ಬೆರಳು ಅದಕ್ಕೆ ತಾಗುವ ಮೊದಲೇ ನಿಂತುಬಿಟ್ಟಿತು. ಕಾಗದದ ಚೂರು ಕಣ್ರಿ! ಬಿ.ಎಸ್ಸಿ. ಓದಿದ್ದೇನೆ, ಭೌತಶಾಸ್ತ್ರವೇ ನನ್ನ ವಿಷಯ, ಕಾಗದದಲ್ಲಿ ಕರೆಂಟು ಹರಿಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಾರದು. ಆದರೂ ಬೆರಳು ಮಡಚಿ, ಕೈಯ ಹಿಂಬದಿಯಿಂದ ಅದನ್ನೊಮ್ಮೆ ತಟ್ಟಿ ನೋಡಿ, ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ಎತ್ತಿಕೊಂಡೆ. ಯಾರೂ ನೋಡಲಿಲ್ಲ, ಪುಣ್ಯ.

ಹೀಗೆ ಕೈಯ ಹಿಂಬದಿಯಿಂದ ಮುಟ್ಟಿ ನೋಡುವುದು ಮೈಕ್‌ಸೆಟ್ಟಿನವರ ಅಭ್ಯಾಸ. ತಗಡಿನಲ್ಲಿ ಕರೆಂಟು ಸೋರುತ್ತಿದ್ದರೆ, ಅಂಗೈಯಿಂದ ಮುಟ್ಟಿದವನ ಬೆರಳುಗಳು ತಾವಾಗಿ ಮಡಚಿಕೊಂಡು ಅದನ್ನೇ ಹಿಡಿದುಬಿಡುತ್ತವೆ. ಹಿಂಬದಿ ತಾಗಿಸಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಇದನ್ನು ನನಗೆ ಕಲಿಸಿದ್ದು ಅಪ್ಪ. ಅಪ್ಪ ಕೊಟ್ಟೂರಿನಲ್ಲಿ ಬಹಳ ವರ್ಷ ಮೈಕ್‌ಸೆಟ್ ಇಟ್ಟುಕೊಂಡಿದ್ದ. ಮದುವೆ, ತೊಟ್ಟಿಲು, ಭಜನೆ, ಸಾವು, ಯಾವುದಿದ್ದರೂ ಸೈಕಲ್ಲಿನ ಹಿಂದೆ ಅದೇ ಡಬ್ಬಿ ಹೋಗುತ್ತಿತ್ತು. ಡಬ್ಬಿ ಎಂದರೆ ವಾಲ್ವಿನ ಆಂಪ್ಲಿಫೈಯರ್. ಒಳಗೆ ಗಾಜಿನ ಬುರುಡೆಗಳು ಕೆಂಪಗೆ ಕಾದರೆ ಮಾತ್ರ ಅದಕ್ಕೆ ದನಿ ಬರುವುದು. ಅಪ್ಪ ಅದಕ್ಕೆ ಡಬ್ಬಿ ಎಂಬುದರ ಹೊರತು ಬೇರೆ ಹೆಸರು ಇಟ್ಟಿರಲಿಲ್ಲ. ಅವ್ವ ಮಾತ್ರ ‘ನಿಮ್ಮಪ್ಪನ ಹಿರೇ ಹೆಂಡ್ತಿ’ ಎನ್ನುತ್ತಿದ್ದಳು.

ಮೈಕ್‌ಸೆಟ್ಟಿನ ಮನೆಯಲ್ಲಿ ಬೆಳೆಯುವುದು ಒಂದು ಥರದ ಅನುಭವ. ನಮ್ಮ ಪಡಸಾಲೆಯಲ್ಲಿ ಕುರ್ಚಿಗಿಂತ ಹಾರ್ನುಗಳು ಹೆಚ್ಚು. ಚಿಕ್ಕವಳಿದ್ದಾಗ ಹಾರ್ನಿನ ಬಾಯಿಗೆ ತಲೆ ತೂರಿಸಿ ನನ್ನ ಹೆಸರು ನಾನೇ ಕೂಗುತ್ತಿದ್ದೆ. ಅದು ಸ್ವಲ್ಪ ತಡೆದು, ಸ್ವಲ್ಪ ದಪ್ಪ ದನಿಯಲ್ಲಿ ತಿರುಗಿ ಬರುತ್ತಿತ್ತು. ಒಳಗೆ ಇನ್ನೊಬ್ಬಳಿದ್ದಾಳೆ, ನನಗಿಂತ ದೊಡ್ಡವಳು, ನಾನು ಕೂಗುವುದನ್ನೇ ಕಾಯುತ್ತ ಕೂತಿದ್ದಾಳೆ ಎಂದು ಖಚಿತವಾಗಿ ನಂಬಿದ್ದೆ. ಒಮ್ಮೆ ಅವಳಿಗೆ ತಿನ್ನಲೆಂದು ಮಂಡಾಳು, ಅಂದರೆ ಮಂಡಕ್ಕಿ, ಹಾಕಿದ್ದೆ. ಮರುದಿನ ಯಾರದೋ ಮದುವೆಯಲ್ಲಿ ಹಾರ್ನಿನಿಂದ ಮಂಡಾಳು ಉದುರಿ, ಅಪ್ಪನಿಗೆ ಬೀಗರ ಮುಂದೆ ಭಾರಿ ಅವಮಾನವಾಯಿತು.

ಇನ್ನೊಂದು ಸಂಗತಿ ಇತ್ತು. ಆ ಡಬ್ಬಿ ಶುರುವಾಗುವ ಮುನ್ನ ‘ಗುಂಯ್’ ಎನ್ನುತ್ತಿತ್ತು. ವಾಲ್ವು ಕಾಯುವವರೆಗೆ ಸುಮ್ಮನಿದ್ದು, ಆಮೇಲೆ ನೆಲದೊಳಗಿನಿಂದ ಎದ್ದು ಬಂದಂತೆ ಆ ಸದ್ದು ಮೆಲ್ಲಗೆ ಓಣಿ ಓಣಿಗೆ ಹರಡುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಗುಂಯ್ ಕೇಳಿದರೆ ನಮ್ಮೂರ ಹೆಂಗಸರು ರೊಟ್ಟಿ ಬಡಿಯುವ ಕೈಯನ್ನು ಹಾಗೇ ಹಿಡಿದು ನಿಲ್ಲುತ್ತಿದ್ದರು. ಅದರ ಹಿಂದೆ ಹಾಡು ಬಂದರೆ ಶುಭ. ಹಾಡಿನ ಬದಲು ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರೆ ಯಾರೋ ಹೋಗಿದ್ದಾರೆ ಎಂದು ಅರ್ಥ. ಆ ಕೆಮ್ಮಿಗೂ, ಹೆಸರಿಗೂ ನಡುವೆ ಊರೇ ಉಸಿರು ಹಿಡಿಯುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ನನ್ನನ್ನು ಬದಿಗೆ ಕರೆದು ಕೇಳುತ್ತಿದ್ದರು: “ನಿಮ್ಮಪ್ಪಗ ಮೊದಲ ಗೊತ್ತಾಕ್ಕೈತಂತಲ್ಲ, ಯಾರು ಸಾಯ್ತಾರಂತ?” ನಾನು ಗಂಭೀರವಾಗಿ ಹೌದು ಎನ್ನುತ್ತಿದ್ದೆ. ತಮ್ಮ ಅಜ್ಜಿಯರ ಹೆಸರು ಬಾರದಿರಲೆಂದು ಅವರು ಕೊಟ್ಟ ಹುಣಸೆಹಣ್ಣನ್ನೂ ಅಷ್ಟೇ ಗಂಭೀರವಾಗಿ ತಿನ್ನುತ್ತಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಅಪ್ಪ ಸ್ವಿಚ್ ಆರಿಸಿ ಎದ್ದುಬಿಡುತ್ತಿರಲಿಲ್ಲ. ಒಳಗಿನ ಕೆಂಪು ಪೂರ್ತಿ ಆರುವವರೆಗೆ ಡಬ್ಬಿಯ ಪಕ್ಕದಲ್ಲಿ ಕೂತಿರುತ್ತಿದ್ದ. ಆಮೇಲೆ ಅದರ ಮುಂದಿನ ಬಲ ಮೂಲೆಯನ್ನು ಬಲಗೈಯಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಯಾವಾಗಲೂ ಅದೇ ಮೂಲೆ. ಅಲ್ಲಿಯ ಹಸಿರು ಬಣ್ಣ ಸವೆದು ತಗಡು ಬೆಳ್ಳಗಾಗಿತ್ತು. ಅಪ್ಪ ಹಾಗೆ ಎಲ್ಲವನ್ನೂ ಮುಟ್ಟುವ ಮನುಷ್ಯ. ಹೊಸ್ತಿಲು, ಸೈಕಲ್ಲು, ತಕ್ಕಡಿ, ಕಾಲಿಗೆ ತಾಗಿದ ಪುಸ್ತಕ. ನಮ್ಮ ಕಡೆ ಕಾಲು ಏನಕ್ಕಾದರೂ ತಾಗಿದರೆ ಕೈ ತಾನಾಗಿ ಕೆಳಗಿಳಿಯುತ್ತದೆ. ಅದಕ್ಕೆ ಯೋಚನೆ ಬೇಕಾಗುವುದಿಲ್ಲ. ರೆಪ್ಪೆ ಬಡಿದಷ್ಟೇ ಸಹಜ.

ಈಗ ಕೊಟ್ರೇಶನ ವಿಷಯಕ್ಕೆ ಬರುತ್ತೇನೆ. ಕೊಟ್ರೇಶ ನನ್ನ ತಮ್ಮ. ಕೊಟ್ಟೂರಿನಲ್ಲಿ ನಿಂತು ‘ಕೊಟ್ರೇಶಾ’ ಎಂದು ಕೂಗಿದರೆ ಪ್ರತಿ ಮನೆಯಿಂದ ಒಬ್ಬೊಬ್ಬ ಹೊರಗೆ ಬರುತ್ತಾನೆ, ಹಾಗಾಗಿ ಇವನು ಗಿಟಾರ್ ಕೊಟ್ರ್ಯಾ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಎಂದು ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಾನೆ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅವನ ತಲೆಯಲ್ಲಿ ಒಂದು ಹುಳ ಹೊಕ್ಕಿತು: ಗಿಟಾರಿಗೆ ವಾಲ್ವಿನ ಆಂಪ್ಲಿಫೈಯರೇ ಬೇಕು, ಅದನ್ನು ಮನೆಯಲ್ಲೇ ಕಟ್ಟಬೇಕು. ಅಷ್ಟರಲ್ಲಾಗಲೇ ಮೈಕ್‌ಸೆಟ್ಟಿನ ಕಾಲ ಮುಗಿದು ಡಬ್ಬಿ ಅಟ್ಟ ಸೇರಿತ್ತು.

“ಅಪ್ಪಾ, ಡಬ್ಬಿ ಬಿಚ್ಚಲೇನು?”

“ಬಿಚ್ಚು. ಬಿಚ್ಚೋದು ದೊಡ್ಡ ಮಾತಲ್ಲ, ಜೋಡ್ಸು. ಗೋಡಿ ಗಡಿಯಾರ ಬಿಚ್ಚಿದ್ದಿ, ಇವತ್ತಿಗೂ ಡಬರಿಯಾಗ ಐತಿ.”

ನನ್ನ ಗಂಡನ ಮನೆ ಹಗರಿಬೊಮ್ಮನಹಳ್ಳಿ. ಹೊಲಿಗೆ ಮಷಿನ್ ಮಾತ್ರ ಕೊಟ್ಟೂರಿನ ತವರಿನಲ್ಲೇ ಉಳಿದಿದೆ. ಮದುವೆಯ ದಿನಗಳಲ್ಲಿ ಬ್ಲೌಸು ಹೊಲಿಯುವ ನೆಪದಲ್ಲಿ ನಾನೂ ಇಲ್ಲೇ ಇರುತ್ತೇನೆ. ಹಾಗೆ ಬಂದಿದ್ದಾಗಲೇ ಕೊಟ್ರೇಶ ಹರಪನಹಳ್ಳಿಗೆ ಹೋಗಿ, ಟ್ರಂಕು ಮಾಡುವವರ ಹತ್ತಿರ ಅಲ್ಯೂಮಿನಿಯಂ ತಗಡು ಬಾಗಿಸಿಕೊಂಡು ಬಂದ. ಬುಡ ಮೇಲಾದ ದೊಡ್ಡ ತಟ್ಟೆಯಂತಿತ್ತು. ಇದೇ ಚಾಸಿ, ಇದರ ಮೇಲೆ ಡಬ್ಬಿಯಿಂದ ಬಿಚ್ಚಿದ ಟ್ರಾನ್ಸ್‌ಫಾರ್ಮರ್, ವಾಲ್ವುಗಳು ನಿಲ್ಲುತ್ತವೆ, ಹೊಟ್ಟೆಯೊಳಗೆ ವೈರುಗಳು ಇರುತ್ತವೆ ಎಂದ. ಟ್ರಂಕಿನವರು ಬಹಳ ಅನುಮಾನಪಟ್ಟರಂತೆ.

“ಮುಚ್ಚಳ ಬ್ಯಾಡ್ವಾ?”

“ಬ್ಯಾಡ್ರಿ.”

“ತಳಾನೂ ಇಲ್ಲ, ಮುಚ್ಚಳಾನೂ ಇಲ್ಲ, ಬಟ್ಟೆ ಎಲ್ಲಿಡ್ತೀರಿ ಮಾರಾಯ್ರೆ?”

ಎಲ್ಲಿ ಏನು ಕೂರಿಸಬೇಕು ಎಂಬುದು ನನ್ನ ಪಾಲಿಗೆ ಬಂತು. ಕೊಟ್ರೇಶನಿಗೆ ಅವಸರ, ಡ್ರಿಲ್ ಹಿಡಿದುಕೊಂಡೇ ನಿಂತಿದ್ದ. ನಾನು ತಡೆದೆ. ಬಟ್ಟೆಗೂ ತಗಡಿಗೂ ಒಂದೇ ನಿಯಮ, ಕತ್ತರಿ ಬಿದ್ದ ಮೇಲೆ ಮಾತಿಲ್ಲ. ಮೊದಲು ಪೇಪರಿನಲ್ಲಿ ಪ್ರತಿ ಭಾಗವನ್ನೂ ಅದರ ಅಳತೆಗೆ ಕತ್ತರಿಸಿದೆ. ಚೌಕದ ಚೂರು ಟ್ರಾನ್ಸ್‌ಫಾರ್ಮರ್. ಸಣ್ಣ ದುಂಡು ವಾಲ್ವು. ದೊಡ್ಡ ದುಂಡು ಕಂಡೆನ್ಸರ್. ಎಲ್ಲವನ್ನೂ ತಗಡಿನ ಮೇಲೆ ಹರಡಿ ಅತ್ತ ಇತ್ತ ಸರಿಸುತ್ತ ಕೂತೆವು. ಚೌಕಾಬಾರ ಆಡುತ್ತಿದ್ದೇವೆ ಎಂದುಕೊಂಡು ಅವ್ವ ಒಮ್ಮೆ ಬಂದು ಬೈದು ಹೋದಳು.

ಅದು ಮಾತು ಬಿಟ್ಟ ಬೀಗರನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುವ ಕೆಲಸ. ಟ್ರಾನ್ಸ್‌ಫಾರ್ಮರ್ ಎಡ ತುದಿಯಲ್ಲಿದ್ದರೆ ಗಿಟಾರಿನ ವೈರು ಚುಚ್ಚುವ ತೂತು ಬಲ ತುದಿಯಲ್ಲಿರಬೇಕು. ಹತ್ತಿರ ಬಂದರೆ ಗುಂಯ್ ಎನ್ನುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರಿನ ಮುಖ ಹೀಗಿದ್ದರೆ ಚಿಕ್ಕದರ ಮುಖ ಹಾಗೆ ತಿರುಗಿರಬೇಕು. ಎದುರು ಬದುರಾದರೆ ಮತ್ತೆ ಗುಂಯ್. ಕೊಟ್ರೇಶನ ಪ್ರಾಣವೆಲ್ಲ ಆ ಗುಂಯ್ ಇಲ್ಲದಂತೆ ಮಾಡುವುದರಲ್ಲಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪನಿಗೆ ಅದು ಅಷ್ಟು ರುಚಿಸಲಿಲ್ಲ.

“ಪೂರಾ ತಗೀಬ್ಯಾಡ್ಲೇ. ಗುಂಯ್ ಅನ್ನಲಿಲ್ಲ ಅಂದ್ರ ಜೀವ ಐತೋ ಇಲ್ಲೋ ಹೆಂಗ ಗೊತ್ತಾಗಬೇಕು?”

“ದೀಪ ಇರ್ತೈತಪ್ಪ.”

“ದೀಪ ಕಣ್ಣಿಗಾತು. ಕಿವಿಗೆ?”

ಕೊನೆಗೆ ಟ್ರಾನ್ಸ್‌ಫಾರ್ಮರನ್ನೂ ಅದರ ಮಗ್ಗುಲಿಗೆ ದೊಡ್ಡ ಕಂಡೆನ್ಸರುಗಳನ್ನೂ ಎಡ ತುದಿಗೆ ಇಟ್ಟೆವು. ಬಲಗಡೆ ಗಿಟಾರಿನ ತೂತು, ಗುಂಡಿಗಳು. ನಾನು ಕೊಟ್ರೇಶನಿಗೆ ಒಂದು ಮಾತು ಹೇಳಿದೆ: ವೈರು ಜೋಡಿಸುವಾಗ ತಗಡನ್ನು ಮಗುಚಿ ಇಡುತ್ತೀ, ಆಗ ಎಡ ಬಲವಾಗುತ್ತದೆ, ರವಿಕೆಯ ಒಳಮೈ ತಿರುಗಿಸಿದಂತೆ, ಎಡವಟ್ಟು ಮಾಡಿಕೊಳ್ಳಬೇಡ. ಅವನು ಆ ತಪ್ಪು ಮಾಡಲಿಲ್ಲ. ಒಂದು ವೈರೂ ತಪ್ಪಿರಲಿಲ್ಲ. ನಾವಿಬ್ಬರೂ ಎಲ್ಲದರ ಎಡ ಬಲ ಲೆಕ್ಕ ಹಾಕಿದ್ದೆವು, ಬೀಗರಲ್ಲಿ ಯಾರನ್ನೂ ಬಿಟ್ಟಿರಲಿಲ್ಲ. ಆ ಡಬ್ಬಿಯ ಬಲ ಮೂಲೆಗೆ ವರ್ಷಗಟ್ಟಲೆ ಬಂದು ಹೋದ ಒಂದು ಕೈ ಇದೆ ಎಂಬುದು ಮಾತ್ರ ನಮ್ಮ ಕಾಗದದ ಚೂರುಗಳಲ್ಲಿ ಇರಲಿಲ್ಲ.

ಅದು ಮಟಮಟ ಮಧ್ಯಾಹ್ನ. ಅವ್ವ ಉಜ್ಜಿನಿಗೆ ಹೋಗಿದ್ದಳು. ಪಡಸಾಲೆಯ ನೆಲದ ಮೇಲೆ ಚಾಸಿ ಮಗುಚಿ ಇತ್ತು, ಹೊಟ್ಟೆ ಮೇಲೆ ಮಾಡಿ ಮಲಗಿದ ಪ್ರಾಣಿಯಂತೆ. ವಾಲ್ವುಗಳನ್ನು ಇನ್ನೂ ಹಾಕಿರಲಿಲ್ಲ. ಬರಿಯ ಟ್ರಾನ್ಸ್‌ಫಾರ್ಮರಿಗೂ ಕಂಡೆನ್ಸರಿಗೂ ಕರೆಂಟು ಕೊಟ್ಟು ಸರಿಯಾಗಿ ಬರುತ್ತದೋ ಇಲ್ಲವೋ ನೋಡುವುದು ಅವತ್ತಿನ ಕೆಲಸ. ಕೊಟ್ರೇಶ ಸ್ವಿಚ್ ಹಾಕಿದ. ಮೀಟರಿನ ಅಂಕಿಗಳು ಸರಸರ ಏರಿದವು. “ಬಂತಕ್ಕ!” ಎಂದು ಕುಣಿಯುವಂತಾದ. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಹೋದರೆ ನಮ್ಮ ಕಡೆ ಏನಾಗುತ್ತದೆ ಗೊತ್ತಲ್ಲ? ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅದೇ ಹೊತ್ತಿಗೆ ಎಲ್ಲರೂ ರಿಪೇರಿ ಕೆಲಸಕ್ಕೆ ಏಳುತ್ತಾರೆ. ಬಲ್ಬಿನ ಹೋಲ್ಡರ್ ಬಿಗಿಮಾಡುವುದು, ಸ್ವಿಚ್ ಬೋರ್ಡ್ ಬಿಚ್ಚುವುದು, ಮೋಟರಿನ ವೈರು ಜೋಡಿಸುವುದು, ಎಲ್ಲ ಆಗಲೇ. ಕರೆಂಟು ಹೋಗಿದೆ ಎಂದರೆ ಎಲ್ಲವನ್ನೂ ಮುಟ್ಟಬಹುದು ಎಂದು ಊರಿಗೆಲ್ಲ ಅನುಮತಿ ಸಿಕ್ಕಂತೆ. ಆದರೂ ಕೊಟ್ರೇಶ ಪ್ಲಗ್ ಕಿತ್ತು ವೈರನ್ನು ಮಡಚಿಟ್ಟ. ಬೆಸುಗೆ ತಂತಿ ಮುಗಿದಿದೆ, ಬಸ್‌ಸ್ಟ್ಯಾಂಡಿನ ಕಡೆ ಹೋಗಿ ತರುತ್ತೇನೆ ಎಂದು ಹೊರಟ. ನಾನು ಕಿಟಕಿಯ ಬೆಳಕಿಗೆ ಕೂತು ಬ್ಲೌಸಿಗೆ ಹುಕ್ಕು ಹಚ್ಚತೊಡಗಿದೆ.

ಆ ನಿಶ್ಶಬ್ದ ನನಗೆ ಈಗಲೂ ಕೇಳುತ್ತದೆ. ಫ್ಯಾನು ತಿರುಗಿ ತಿರುಗಿ ನಿಂತಿತು. ಪಕ್ಕದ ಮನೆಯ ಟಿ.ವಿ. ಅರ್ಧ ಮಾತಿನಲ್ಲಿ ಬಾಯಿ ಮುಚ್ಚಿತ್ತು. ಹಿಟ್ಟಿನ ಗಿರಣಿ ನಿಂತಿತ್ತು. ಇಡೀ ಕೊಟ್ಟೂರು ಡಬ್ಬಿ ಗುಂಯ್ ಎಂದಾಗಿನ ಹಾಗೆ ಉಸಿರು ಹಿಡಿದು ಕೂತಿತ್ತು.

ಒಳಗೆ ಮಲಗಿದ್ದ ಅಪ್ಪ ಸೆಕೆಗೆ ಎದ್ದು ಬಂದ. “ಕರೆಂಟ್ ಹೋತೇನವ್ವಾ?”

“ಹೂನಪ್ಪ, ಈಗ ಹೋತು.”

ಬೆಳಕಿನಿಂದ ಒಳಗೆ ಬಂದ ಕಣ್ಣಲ್ಲ ಅದು, ನಿದ್ದೆಗಣ್ಣು. ಎರಡು ಹೆಜ್ಜೆ ಇಟ್ಟ. ಬಲಗಾಲಿನ ಹೆಬ್ಬೆರಳು ಚಾಸಿಯ ಅಂಚಿಗೆ ತಾಗಿತು. ತಗಡು ಟಣ್ ಎಂದಿತು. ನಾನು ತಲೆ ಎತ್ತಿದೆ. ಅಪ್ಪ ‘ಶಿವಾ’ ಎಂದು ಬಗ್ಗಿದ. ಕೈ ಕೆಳಗಿಳಿಯಿತು. ಅದು ಎಲ್ಲಿಗೆ ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು. ಮುಂದಿನ ಬಲ ಮೂಲೆಗೆ. ಮಗುಚಿಟ್ಟಿದ್ದರಿಂದ ಆ ಮೂಲೆಯಲ್ಲಿ ಈಗ ಏನು ಬಾಯಿ ತೆರೆದುಕೊಂಡಿದೆ ಎಂದೂ ನನಗೆ ಗೊತ್ತಿತ್ತು. ಕಂಡೆನ್ಸರ್ ಎಂದರೆ ಕರೆಂಟನ್ನು ಕುಡಿದು ಇಟ್ಟುಕೊಳ್ಳುವುದು, ಯಾರೂ ಇಳಿಸಿಕೊಳ್ಳದಿದ್ದರೆ ಇಟ್ಟುಕೊಂಡೇ ಇರುವುದು ಎಂದು ನಾನು ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದವಳು. ಇಳಿಸಿಕೊಳ್ಳಬೇಕಾದ ವಾಲ್ವುಗಳು ಹತ್ತಿಯಲ್ಲಿ ಸುತ್ತಿಕೊಂಡು ಕಪಾಟಿನಲ್ಲಿದ್ದವು. ಇವೆಲ್ಲ ಒಟ್ಟಿಗೆ ಹೊಳೆದವು. ಬಾಯಿಂದ ಮಾತ್ರ ಏನೂ ಹೊರಡಲಿಲ್ಲ. ನನ್ನ ಹಲ್ಲಿನ ನಡುವೆ ದಾರ ಇತ್ತು.

ಪಟಾಕಿ ಸಿಡಿದಂತೆ ಒಂದು ಸದ್ದು. ನೀಲಿ ಬೆಳಕು. ಅಷ್ಟೇ. ಅಪ್ಪ ಹಿಂದಕ್ಕೆ ಎಗರಿ ಬ್ಲೌಸ್ ಬಟ್ಟೆಗಳ ರಾಶಿಯ ಮೇಲೆ ಬಿದ್ದ. ಕೂದಲು ಸುಟ್ಟ ವಾಸನೆ ಬಂತು. ಕಣ್ಣು ತೆರೆದೇ ಇತ್ತು, ಮೇಲೆ ನಿಂತ ಫ್ಯಾನನ್ನು ನೋಡುತ್ತಿತ್ತು. ಎದೆ ಏಳಲಿಲ್ಲ.

ನಾನು ಓಡಿ ಅಪ್ಪನನ್ನು ತಬ್ಬಿಕೊಂಡೆ ಎಂದು ಬರೆಯಬಹುದಿತ್ತು. ಹಾಗೆ ಆಗಲಿಲ್ಲ. ಕರೆಂಟು ಹೊಡೆದವರನ್ನು ಬರಿಗೈಯಲ್ಲಿ ಮುಟ್ಟಬೇಡ, ಒಣ ಕಟ್ಟಿಗೆ ಹಿಡಿ ಎಂದು ಚಿಕ್ಕಂದಿನಿಂದ ಅಪ್ಪನೇ ಹೇಳಿದ್ದ. ಕೈಗೆ ಸಿಕ್ಕಿದ್ದು ನನ್ನ ಮರದ ಅಳತೆಪಟ್ಟಿ. ಅದರಿಂದ ಅಪ್ಪನ ಭುಜವನ್ನು ತಳ್ಳಿದೆ. ಚಾಸಿ ಮಾರು ದೂರದಲ್ಲಿದೆ, ಊರಿಗೇ ಕರೆಂಟಿಲ್ಲ, ನಾನು ಮರದ ಪಟ್ಟಿಯಿಂದ ನನ್ನ ಅಪ್ಪನನ್ನು ತಿವಿಯುತ್ತಿದ್ದೇನೆ! “ಯಪ್ಪಾ, ಯಪ್ಪಾ” ಎಂದು ಯಾರೋ ಕೂಗುತ್ತಿದ್ದರು. ಅದು ಹಾರ್ನಿನೊಳಗಿನ ಆ ದೊಡ್ಡ ಹುಡುಗಿಯ ದನಿಯಂತಿತ್ತು. ಸ್ವಲ್ಪ ತಡೆದು, ಸ್ವಲ್ಪ ದಪ್ಪವಾಗಿ.

ಆಮೇಲೆ ಅಪ್ಪ ಬಾವಿಯಿಂದ ಮೇಲೆ ಬಂದವನಂತೆ ಉಸಿರೆಳೆದ. ತುಟಿ ಅಲುಗಿತು.

“ಕರೆಂಟ್ ಬಂತೇನವ್ವಾ?”

“ಇಲ್ಲಪ್ಪಾ.”

ಅಪ್ಪ ಫ್ಯಾನನ್ನೇ ನೋಡುತ್ತ ಬಹಳ ಹೊತ್ತು ಯೋಚಿಸಿದ. “ಮತ್ತ ಅದೇನದು?” ಎಂದ.

ದವಾಖಾನೆಯಲ್ಲಿ ಡಾಕ್ಟರೂ ಅದನ್ನೇ ಕೇಳಿದರು. ಎದೆಗೆ ವೈರು ಹಚ್ಚಿ ಇ.ಸಿ.ಜಿ. ಪಟ್ಟಿ ತೆಗೆದು, ಸದ್ಯ ಎಲ್ಲ ಸರಿ ಇದೆ ಎಂದ ಮೇಲೆ, ಬೆರಳ ತುದಿಯ ಎರಡು ಕಪ್ಪು ಚುಕ್ಕೆಗಳನ್ನು ತಿರುಗಿಸಿ ನೋಡಿದರು.

“ಏನು ಮುಟ್ಟಿದ್ರಿ ಯಜಮಾನ್ರ?”

“ಕರೆಂಟ್ ರೀ.”

“ಮಧ್ಯಾಹ್ನದಿಂದ ಊರಾಗ ಕರೆಂಟ ಇಲ್ಲಲ್ರಿ. ನಾವು ಜನರೇಟರ್ ಮ್ಯಾಲೆ ಅದೀವಿ.”

“ಅದ ನೋಡ್ರಿ ಸರ. ಊರಿಂದೆಲ್ಲ ನಮ್ಮ ಮನ್ಯಾಗ ಬಂದು ಕುಂತಿತ್ತು.”

ಎಲ್ಲರೂ ನಕ್ಕರು. ಓಡೋಡಿ ಬಂದಿದ್ದ ಕೊಟ್ರೇಶ ಮಾತ್ರ ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದ. ಬೆಸುಗೆ ತಂತಿ ಇನ್ನೂ ಕೈಯಲ್ಲೇ ಇತ್ತು. ಊರಿಗೆ ಕರೆಂಟು ಬಂದದ್ದು ಸಂಜೆಗೆ. ಅಂದರೆ ಆ ಮಧ್ಯಾಹ್ನ ಇಡೀ ಕೊಟ್ಟೂರಿನ ಮನೆಗಳಲ್ಲಿ ಉಳಿದಿದ್ದ ಕರೆಂಟು ಅಷ್ಟೇ ಇರಬೇಕು, ಅದೂ ಯಾವ ವೈರೂ ಇಲ್ಲದೆ, ಸದ್ದಿಲ್ಲದೆ, ಒಂದು ಮೂಲೆಯಲ್ಲಿ ಕಾಯುತ್ತ. ನನಗೆ ಅವತ್ತಿನಿಂದ ಕರೆಂಟು ಇದ್ದರೆ ಭಯವಿಲ್ಲ. ಹೋದರೆ ಭಯ. ಹೋಯಿತು ಎನ್ನುತ್ತಾರೆ. ಎಲ್ಲಿಗೆ ಹೋಯಿತು?

ಮನೆಗೆ ಬಂದ ಮೇಲೆ ಅಪ್ಪ ಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದ: “ಕಣ್ಣು ಬಿಟ್ಟು ನೋಡ್ತೀನಿ, ಮಗಳು ಅಳತಿಪಟ್ಟಿ ಹಿಡಕೊಂಡು ನಿಂತಾಳ. ಬಂತಪ್ಪ, ನನ್ನ ಹೂಳಾಕ ಕುಣಿ ಅಳತಿ ತಗೊಳಾಕ ಹತ್ಯಾಳ ಅನಕೊಂಡೆ.” ನಾನೂ ನಗುತ್ತಿದ್ದೆ. ಉಜ್ಜಿನಿಯಿಂದ ಬಂದ ಅವ್ವ ನಗಲಿಲ್ಲ. ಅಪ್ಪನ ಹಣೆಗೆ ವಿಭೂತಿ ಬಳಿದು, ಚಾಸಿಯನ್ನು ದೂರದಿಂದಲೇ ದಿಟ್ಟಿಸಿದಳು.

“ಎಷ್ಟು ಸತ್ತ ಮನಿ ಭಜನಿ ಕೇಳೈತಿ ಅದು. ಒಬ್ಬೊಬ್ಬರದೂ ಇಟ್ಟುಕೊಂಡೈತಿ. ಹೊಳಿಗೆ ಬಿಟ್ಟು ಬರ್ರಿ.”

“ಯವ್ವಾ, ಹೊಡದದ್ದು ಹಳೇ ಟ್ರಾನ್ಸ್‌ಫಾರ್ಮರ್ ಅಲ್ಲ, ಕಂಡೆನ್ಸರ್. ಹೊಸಾದು. ಕೊರಿಯರಿನಾಗ ಬಂದೈತಿ.”

“ಯಾವದಾರ ಆಗ್ಲಿ, ಮೈಲಾರದ ಹತ್ರ ನೀರು ಭಾಳ ಐತಿ.”

ಅವ್ವನ ಮಾತಿಗೆ ನಾನು ತಿಳುವಳಿಕೆ ಹೇಳಲು ಹೋದೆ. ಇಟ್ಟುಕೊಳ್ಳುತ್ತದೆ ಎಂದು ಅವಳು ಹೇಳಿದ್ದೂ, ನನ್ನ ಪುಸ್ತಕದಲ್ಲಿದ್ದದ್ದೂ ಒಂದೇ ಆಗಿಬಿಟ್ಟಿತು. ಕೊಟ್ರೇಶ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ. ಗಿಟಾರನ್ನೂ ಮುಟ್ಟಲಿಲ್ಲ.

ನಿಜವಾದ ಪೆಟ್ಟು ಎಲ್ಲಿ ಬಿದ್ದಿದೆ ಎಂದು ಆಮೇಲೆ ಗೊತ್ತಾಯಿತು. ಅಪ್ಪ ಹೊಸ್ತಿಲ ಮುಂದೆ ಬಗ್ಗಿದ. ಕೈ ಕೆಳಗಿಳಿದು, ಹೊಸ್ತಿಲಿಗೆ ಇನ್ನೇನು ತಾಗಬೇಕು ಎನ್ನುವಾಗ ಗಾಳಿಯಲ್ಲಿ ನಿಂತಿತು. ಅಪ್ಪ ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ. ಹಾಗೇ ಎತ್ತಿ ಬರಿಗಾಳಿಯನ್ನು ಕಣ್ಣಿಗೆ ಒತ್ತಿಕೊಂಡು ಹೊರಗೆ ಹೋದ. ಸೈಕಲ್ಲಿಗೂ ಹಾಗೆಯೇ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಎಡ ಅಂಗೈಯ ಲಿಂಗದ ಮೇಲೆ ವಿಭೂತಿ ಹಚ್ಚಿದ ಬಲಗೈ ಬೆರಳು ಇಳಿಯದೆ ಮೇಲೆಯೇ ನಿಂತಿತು. ಬೆರಳಿಗೆ ಏನೂ ಆಗಿಲ್ಲ, ಡಾಕ್ಟರು ಹೇಳಿದ್ದಾರೆ. ಬೆರಳಿಗೆ ಅದು ಗೊತ್ತಿಲ್ಲ.

ಹಗರಿಬೊಮ್ಮನಹಳ್ಳಿಗೆ ಹೊರಡುವ ದಿನ ಎಂದಿನಂತೆ ಅಪ್ಪನ ಕಾಲಿಗೆ ಬಿದ್ದೆ. ತಲೆಯ ಮೇಲೆ ಕೈ ಬರಲಿ ಎಂದು ಕಾದೆ. ಬರಲಿಲ್ಲ. ಕೂದಲಿಗೆ ಒಂದು ಗೇಣು ಮೇಲೆ ಅದು ನಿಂತಿದೆ ಎಂದು ಬಗ್ಗಿದ್ದಲ್ಲೇ ನನಗೆ ತಿಳಿಯುತ್ತಿತ್ತು. ಮಳೆ ಬರುವ ಮುಂಚಿನ ಮೋಡದ ಹಾಗೆ. “ಹೋಗಿ ಬಾರವ್ವ” ಎಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಧ್ಯಾಹ್ನವನ್ನೇ ಮತ್ತೆ ಮತ್ತೆ ಓಡಿಸಿದೆ. ಟಣ್ ಎನ್ನುತ್ತದೆ. ಅಪ್ಪ ಬಗ್ಗುತ್ತಾನೆ. ನಾನು ಈ ಸಲ ಕೂಗುತ್ತೇನೆ. ಈ ಸಲವೂ ಹಲ್ಲಿನ ನಡುವೆ ದಾರ ಇರುತ್ತದೆ. ಈಗಲೂ ಅದು ನಿಂತಿಲ್ಲ. ಮನೆಯ ಫ್ರಿಜ್ಜು ಗುಂಯ್ ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು, ಅದರ ಹಿಂದೆ ಯಾರ ಕೆಮ್ಮು ಬರುತ್ತದೋ ಎಂದು ನಿಲ್ಲುತ್ತೇನೆ.

ಮುಂದಿನ ಸಲ ಕೊಟ್ಟೂರಿಗೆ ಹೋದಾಗ ನಾನೇ ಗೋಣಿಚೀಲ ಇಳಿಸಿದೆ. ಅವ್ವ ಹೌಹಾರಿದಳು. ಕೊಟ್ರೇಶ ಬೇಡ ಎಂದ.

“ಬ್ಯಾಡಕ್ಕ. ನನಗ ಅದರ ಮಾರಿ ನೋಡೂದಾಗಂಗಿಲ್ಲ.”

“ಹಂಗ ಅಟ್ಟದ ಮ್ಯಾಲೆ ಇದ್ರ ಅಪ್ಪನ ಕೈ ಜೀವನಪೂರ್ತಿ ಗಾಳ್ಯಾಗ ಇರ್ತೈತಿ. ಕತ್ತರಿ ತಗೊಂಡು ಬಾ.”

ಮತ್ತೆ ಕಾಗದದ ಚೂರುಗಳನ್ನು ಕತ್ತರಿಸಿದೆವು. ಈ ಸಲ ಎಲ್ಲಕ್ಕಿಂತ ಮೊದಲು ಒಂದು ಹೊಸ ಚೂರು ಕತ್ತರಿಸಿದೆ. ನನ್ನ ಅಂಗೈಯನ್ನು ಪೇಪರಿನ ಮೇಲಿಟ್ಟು ಸುತ್ತ ಗೆರೆ ಎಳೆದದ್ದು. ಅಂಥವು ಎರಡು. ಒಂದನ್ನು ಮುಂದಿನ ಬಲ ಮೂಲೆಗೆ ಇಟ್ಟೆ. ಮಗುಚಿದರೆ ಆ ಜಾಗಕ್ಕೆ ಬರುವ ಎಡ ಮೂಲೆಗೆ ಇನ್ನೊಂದು. ಈ ಎರಡು ಜಾಗದಲ್ಲಿ ಒಂದು ಮೊಳೆಯೂ ಇರಕೂಡದು, ಉಳಿದ ಬೀಗರು ಉಳಿದ ಜಾಗದಲ್ಲಿ ಹೊಂದಿಕೊಳ್ಳಲಿ ಎಂದೆ.

“ಇಷ್ಟು ಜಾಗ ಖಾಲಿ ಬಿಟ್ರ ವಾಲ್ವು ಒಂದರ ಮ್ಯಾಲೊಂದು ಕುಂದ್ರತಾವಕ್ಕ.”

“ಬ್ಲೌಸಿನ ಒಳಗ ಹೊಲಿಗಿ ಬದಿಗೆ ಬಟ್ಟಿ ಬಿಡ್ತೀನಲ್ಲ, ಅದು ಯಾರಿಗೆ ಕಾಣತೈತಿ? ಹಂಗ ತಿಳಕೋ.”

ಟ್ರಾನ್ಸ್‌ಫಾರ್ಮರ್ ಸ್ವಲ್ಪ ಒಳಗೆ ಸರಿಯಿತು. ದೊಡ್ಡ ಕಂಡೆನ್ಸರುಗಳು ನಡುವಿಗೆ ಬಂದು, ಅವುಗಳ ಕಾಲುಗಳ ಮೇಲೆ ಫೈಬರಿನ ಮುಚ್ಚಳ ಕೂತಿತು. ಸ್ವಿಚ್ ಆರಿದ ಮೇಲೆ ಒಳಗೆ ಉಳಿದ ಕರೆಂಟು ಮೆಲ್ಲಗೆ ಇಳಿದು ಹೋಗುವಂತೆ ಒಂದು ರೆಸಿಸ್ಟರ್ ಜೋಡಿಸಿದೆವು. ಅಲ್ಲೇ ಒಂದು ಪುಟ್ಟ ಕೆಂಪು ದೀಪ. ಒಳಗೆ ಏನಾದರೂ ಉಳಿದಿದ್ದರೆ ಪ್ಲಗ್ ಕಿತ್ತರೂ ಅದು ಉರಿಯುತ್ತಿರುತ್ತದೆ. ಇಳಿದ ಮೇಲೆ ಆರುತ್ತದೆ. ತಗಡಿನಿಂದ ದಪ್ಪನೆಯ ಹಸಿರು ವೈರೊಂದು, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗಿಗೆ ಹೋಯಿತು. ಕಡೆಯಲ್ಲಿ ಹೊಟ್ಟೆಗೊಂದು ತಗಡಿನ ತಳವನ್ನೂ ಬಿಗಿದೆವು. ಗಿಟಾರಿನ ತೂತಿಗೆ ಟ್ರಾನ್ಸ್‌ಫಾರ್ಮರ್ ಕೊಂಚ ಹತ್ತಿರವಾಯಿತು, ಇನ್ನು ಗುಂಯ್ ತಪ್ಪುವುದಿಲ್ಲ ಎಂದ ಕೊಟ್ರೇಶ. ಇರಲಿ ಎಂದೆ.

ಅದು ಮುಗಿದ ದಿನವೂ ಹಾಡುಹಗಲೇ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಳು. ಅಪ್ಪ ಮೂಲೆಯ ಕುರ್ಚಿಯಲ್ಲಿ ಕಾಲು ಮೇಲೆತ್ತಿ ಕೂತ. ಕೊಟ್ರೇಶ ಸ್ವಿಚ್ ಹಾಕಿದ. ಕೆಂಪು ದೀಪ ಕಣ್ಣು ಬಿಟ್ಟಿತು. ವಾಲ್ವುಗಳು ಮೆಲ್ಲಗೆ ಕಾದವು. ಆಮೇಲೆ ಬಂತು, ಬಹಳ ಸಣ್ಣಗೆ, ನೆಲದೊಳಗಿನಿಂದ ಎದ್ದಂತೆ, ಗುಂಯ್. ಅವ್ವನ ಕೈ ಸೆರಗನ್ನು ಬಿಗಿಹಿಡಿಯಿತು. ಅಪ್ಪ ತಲೆ ಓರೆ ಮಾಡಿ ಕೇಳಿಸಿಕೊಂಡ. ಅಭ್ಯಾಸ ಬಲದಿಂದ ಅವನ ಗಂಟಲಿಗೆ ಕೆಮ್ಮು ಬಂದಿರಬೇಕು, ನುಂಗಿಕೊಂಡ. ಕೊಟ್ರೇಶ ಎರಡು ತಂತಿ ಮೀಟಿದ. ಆ ದನಿ ಪಡಸಾಲೆಯನ್ನು ತುಂಬಿ, ಗೋಡೆಗೆ ಒರಗಿದ್ದ ಹಳೆಯ ಹಾರ್ನುಗಳ ಬಾಯಲ್ಲಿ ಸ್ವಲ್ಪ ಹೊತ್ತು ನಿಂತು ತಿರುಗಿ ಬಂತು.

ಕೊಟ್ರೇಶ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ವೈರನ್ನು ಅಪ್ಪನಿಗೆ ಕಾಣುವಂತೆ ಎತ್ತಿ ಹಿಡಿದ. ಕೆಂಪು ದೀಪ ಆರಲಿಲ್ಲ. ಪ್ಲಗ್ ಕಿತ್ತ ಡಬ್ಬಿ ನಮ್ಮನ್ನೇ ನೋಡುತ್ತಿತ್ತು. ಯಾರೂ ಅಲುಗಲಿಲ್ಲ. ದೀಪ ಮಂಕಾಯಿತು. ಇನ್ನೂ ಮಂಕಾಯಿತು. ಒಮ್ಮೆ ಮಿಣುಕಿ ಕಣ್ಣು ಮುಚ್ಚಿತು.

ಅಪ್ಪ ಎದ್ದು ಬಂದ. ಬಗ್ಗಿದ. ಖಾಲಿ ಬಿಟ್ಟ ಬಲ ಮೂಲೆಯ ಮೇಲೆ ಕೈ ಇಳಿದು, ಗಾಳಿಯಲ್ಲಿ ನಿಂತಿತು. ನಾನು ಹಲ್ಲು ಕಚ್ಚಿದೆ. ದಾರ ಇರಲಿಲ್ಲ, ಆದರೂ ಇದ್ದಂತಿತ್ತು. ಆಗ ಅಪ್ಪ ಕೈಯನ್ನು ತಿರುವಿದ. ಬೆರಳು ಮಡಚಿ, ಹಿಂಬದಿಯನ್ನು ತಗಡಿಗೆ ಒಮ್ಮೆ ತಾಗಿಸಿ ತೆಗೆದ. ಮತ್ತೊಮ್ಮೆ ತಾಗಿಸಿ, ಹಾಗೇ ಇಟ್ಟ. ಬಹಳ ಹೊತ್ತಿನ ಮೇಲೆ ಕೈಯನ್ನು ಮತ್ತೆ ತಿರುವಿ ಅಂಗೈ ಊರಿ, ಕಣ್ಣಿಗೆ ಒತ್ತಿಕೊಂಡ.

“ಬೆಚ್ಚಗೈತಿ” ಎಂದ, ಅಷ್ಟೇ.

ಮರುದಿನ ಬಸ್ಸಿಗೆ ಹೊರಟಾಗ ಕಾಲಿಗೆ ಬಿದ್ದೆ. ಮೇಲೆ ಕೈ ಬಂದು ನಿಂತದ್ದು ತಿಳಿಯಿತು. ಉಸಿರು ಹಿಡಿದೆ. ಮೊದಲು ತಲೆಗೆ ತಾಗಿದ್ದು ಕೈಯ ಹಿಂಬದಿ. ಮಡಚಿದ ಬೆರಳ ಗೆಣ್ಣುಗಳು, ಮೆಲ್ಲಗೆ, ನನ್ನೊಳಗೆ ಏನಾದರೂ ಉಳಿದಿದೆಯೇ ಎಂದು ನೋಡುವ ಹಾಗೆ. ಉಳಿದಿತ್ತು, ಅಪ್ಪನಿಗೆ ಅದು ತಿಳಿಯಿತೋ ಇಲ್ಲವೋ. ಕೈ ತಿರುಗಿತು. ಆಮೇಲೆ ಅಂಗೈ.